ಎಂಟನೆಯ ಅಧ್ಯಾಯದ ಹೊದಿಕೆ

ಗುಂಯ್ ಎನ್ನುವ ಸದ್ದು ನಿಂತ ಮೇಲೆಯೇ ಅದು ಇಷ್ಟು ಹೊತ್ತೂ ಇತ್ತೆಂದು ತಿಳಿಯುವುದು, ಇರುವಾಗ ಅದು ಸದ್ದೇ ಅಲ್ಲ, ಗೋಡೆಯ ಬಣ್ಣದ ಹಾಗೆ ಸುಮ್ಮನೆ ಇರುತ್ತದೆ, ನಿಂತ ಕೂಡಲೇ ಕಿವಿ ಮುಗ್ಗರಿಸುತ್ತದೆ, ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟವರ ಹಾಗೆ — ಡಬ್ಬದ ಬೆನ್ನಿನ ಗುಂಡಿ ಒತ್ತಿ ಆರಿಸಿದ್ದು ನಾನೇ, ಆದರೂ ಮುಗ್ಗರಿಸಿದೆ. ಗುಂಡಿ ಎಷ್ಟು ಶುಚಿಯಾಗಿದೆ. ಡಬ್ಬದ ತಲೆಯ ಮೇಲೆ ಧೂಳು, ಪಕ್ಕೆಯ ಸೀಳುಗಳಲ್ಲಿ ಧೂಳು, ಹಿಂದಿನ ವೈರುಗಳ ಮೇಲೆ ಧೂಳು ಹತ್ತಿಯ ಹಾಗೆ ಕೂತಿದೆ, ಗುಂಡಿಯೊಂದರ ಮೇಲೆ ಮಾತ್ರ ಧೂಳಿಲ್ಲ, ಯಾರೋ ಈಚೆಗೆ ಮುಟ್ಟಿದ ಗುಂಡಿ, ಯಾರೂ ಮುಟ್ಟಬಾರದ ಗುಂಡಿ, ಇದನ್ನು ತಂದು ಜೋಡಿಸಿದ, ಕಣ್ಣಿಲ್ಲದವರಿಗೆ ಪುಸ್ತಕ ಓದಿ ಕೇಳಿಸುವ ಗ್ರಂಥಾಲಯದ ತಂತ್ರಜ್ಞ ಹೋಗುವಾಗ ಹೇಳಿದ್ದೇ ಅದನ್ನು, ಅಮ್ಮಾ ಇದು ಸದಾ ಓಡ್ತಾ ಇರ್ಲಿ, ನೀವು ಗೋಡೆ ಸ್ವಿಚ್ ಹಾಕಿದ್ರೆ ಸಾಕು, ಉಳಿದಿದ್ದೆಲ್ಲ ತಾನಾಗೇ ಆಗುತ್ತೆ. ತಾನಾಗೇ. ಆ ಪದವನ್ನು ದೊಡ್ಡಮ್ಮ ಎಷ್ಟು ದಿನ ಬಾಯಲ್ಲಿಟ್ಟುಕೊಂಡು ತಿರುಗಿದಳು, ಅಡುಗೆ ತಾನಾಗೇ ಆಗಲ್ಲ, ಬಟ್ಟೆ ತಾನಾಗೇ ಮಡಚಿಕೊಳ್ಳಲ್ಲ, ನಿಮ್ಮ ದೊಡ್ಡಪ್ಪ ತಾನಾಗೇ ಊಟಕ್ಕೆ ಏಳಲ್ಲ, ಇದೊಂದು ನೋಡು ಪುಣ್ಯಾತ್ಮ, ತಾನಾಗೇ ಆಗುತ್ತಂತೆ. ಈಗ ಅವಳ ಕುರ್ಚಿಯಲ್ಲಿ ಕೂತಿದ್ದೇನೆ, ಅವಳ ಮೈಕಿನ ಮುಂದೆ, ಸದ್ದು ತಡೆಯಲು ಗೋಡೆಗೆ ಹೊಡೆದ ಹಳೆಯ ರಜಾಯಿಗಳ ನಡುವೆ, ಮಧ್ಯಾಹ್ನದ ಬಿಸಿಲು ದಪ್ಪ ಪರದೆಯ ಅಂಚಿನಲ್ಲಿ ಒಂದು ಗೆರೆಯಷ್ಟೇ ಇದೆ, ಮತ್ತು ಇಂಥ ಮೌನ — ಇದಕ್ಕಾಗಿಯೇ ಇರಬೇಕು ಅವಳು ಒತ್ತುತ್ತಿದ್ದದ್ದು, ಯಾರಿಗೂ ಹೇಳದೆ, ಓದುವ ಮುಂಚೆ ಮೂಗೊರೆಸಿಕೊಳ್ಳುವಷ್ಟು ಸಹಜವಾಗಿ.

ಹಾಗಿದ್ದರೆ, ತಡಿ, ಹಾಗಿದ್ದರೆ ಒಂದೊಂದಾಗಿ ಯೋಚಿಸಬೇಕು. ಡಬ್ಬ, ಸಾಬೂನು — ಎರಡಕ್ಕೂ ಹೆಸರಿಟ್ಟವರು ದೊಡ್ಡಪ್ಪ, ಡಬ್ಬವೆಂದರೆ ದೊಡ್ಡಮ್ಮನ ಓದನ್ನೆಲ್ಲ ತುಂಬಿಕೊಳ್ಳುವ ಸ್ಟೋರೇಜ್ ಪೆಟ್ಟಿಗೆ, ಚಪ್ಪಲಿಯ ರಟ್ಟಿನ ಡಬ್ಬದಷ್ಟೇ ದೊಡ್ಡದು, ಒಳಗೆ ಎರಡು ಡಿಸ್ಕು, ಒಂದು ಫ್ಯಾನು, ಮೂಲೆಯ ಸ್ಟೂಲಿನ ಮೇಲೆ ಅದರ ವಾಸ, ಸಾಬೂನೆಂದರೆ ಮೇಜಿನ ಅಡಿಗೆ ಅಂಟಿಸಿರುವ ಲಿನಕ್ಸಿನ ಪುಟ್ಟ ಕಂಪ್ಯೂಟರು, ಸ್ನಾನದ ಸೋಪಿನಷ್ಟೇ ಇದೆ, ದೊಡ್ಡಮ್ಮ ಮೈಕಿನ ಪಕ್ಕದ ಕೆಂಪು ಗುಂಡಿ ಒತ್ತಿದರೆ ಓದು ಅದರೊಳಗೆ ಹೋಗುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ, ಸಾಬೂನು ಅದನ್ನು ತನ್ನಲ್ಲಿ ಇಟ್ಟುಕೊಳ್ಳದೆ ನೆಟ್‌ವರ್ಕಿನ ತಂತಿಯ ಮೂಲಕ ಡಬ್ಬಕ್ಕೆ ಸೇರಿಸುತ್ತದೆ. ಸೇರಿಸಬೇಕು. ಎಂಟನೆಯ ಅಧ್ಯಾಯ ಸೇರಿಲ್ಲ. ನಿನ್ನೆ ಸಂಜೆ ಫೋನ್ ಬಂದದ್ದು ನಾವು ಕಿವಿಯವರೆಂದು ಕರೆಯುವವರದು, ಗ್ರಂಥಾಲಯದಲ್ಲಿ ಎಲ್ಲರ ಓದನ್ನೂ ಕೇಳಿ ತಪ್ಪು ಹಿಡಿಯುವವರು, ಹುಟ್ಟಿನಿಂದ ಕಣ್ಣಿಲ್ಲದವರು, ದೊಡ್ಡಮ್ಮ ಉಸಿರೆಳೆದುಕೊಂಡ ಸದ್ದಿನಿಂದಲೇ ಅವಳಿಗೆ ನೆಗಡಿಯೆಂದು ಹೇಳಬಲ್ಲವರು, ಅಕ್ಕಾ ಏಳು ಬಂತು ಒಂಬತ್ತು ಬಂತು, ಎಂಟು ಎಲ್ಲಿ ಹೋಯ್ತು, ಜೇನುನೊಣ ಹೊತ್ಕೊಂಡು ಹೋಯ್ತಾ. ಪುಸ್ತಕ ಜೇನು ಸಾಕುವುದರ ಕುರಿತಾದದ್ದು, ದಪ್ಪ ಪುಸ್ತಕ, ಬರೆದವನು ಯಾರೋ ತಮಾಷೆಯ ಮುದುಕ. ಫೋನು ಜೋರು ಧ್ವನಿಯಲ್ಲಿತ್ತು, ನಾವು ಮೂವರೂ ಊಟದ ಮೇಜಿನ ಮುಂದೆ ಇದ್ದೆವು. ದೊಡ್ಡಮ್ಮ ಹೇಳಿದಳು, ಓದಿದ್ದೀನಿ ಕಣ್ರೀ, ಚೆನ್ನಾಗೇ ಓದಿದ್ದೀನಿ. ದೊಡ್ಡಪ್ಪ ತಟ್ಟೆಯನ್ನೇ ನೋಡುತ್ತಿದ್ದರು. ಯಾವತ್ತೂ ಏನಾದರೊಂದು ಹೇಳಿ ನಗಿಸುವ ಮನುಷ್ಯ ತಟ್ಟೆಯನ್ನು ನೋಡುತ್ತಾ ಕೂತರೆ ಮನೆಯೊಳಗಿಂದ ಯಾವುದೋ ಒಂದು ಸದ್ದು ನಿಂತ ಹಾಗಾಗುತ್ತದೆ.

ಅದಕ್ಕೆ ಕಾರಣವುಂಟು, ಮಾವ, ದೊಡ್ಡಮ್ಮನ ಅಣ್ಣ, ಕೊನೆಯ ವರ್ಷಗಳಲ್ಲಿ ಅಂಗಿಯ ಮೇಲೆ ಅಂಗಿ ತೊಟ್ಟುಕೊಂಡು ನನ್ನ ಅಂಗಿ ಎಲ್ಲಿ ಎಂದು ಕೇಳುತ್ತಿದ್ದ, ಅದು ಶುರುವಾದದ್ದೂ ಹೀಗೆಯೇ, ಮಾಡಿದ್ದೀನಿ ಮಾಡಿದ್ದೀನಿ ಎನ್ನುವುದು, ನೋಡಿದರೆ ಮಾಡಿರುವುದಿಲ್ಲ, ಅವನನ್ನು ನೋಡಿಕೊಂಡವಳು ದೊಡ್ಡಮ್ಮನೇ, ಹಾಗಾಗಿ ಆ ದಾರಿಯ ತಿರುವುಗಳೆಲ್ಲ ಅವಳಿಗೆ ಗೊತ್ತು. ಇವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ದೊಡ್ಡಪ್ಪ ನನ್ನ ತೋಳು ಹಿಡಿದು ನಿಲ್ಲಿಸಿದರು, ಕೈಯಲ್ಲಿ ಕನ್ನಡಕ ಒರೆಸುವ ಬಟ್ಟೆ, ಅವರ ಕನ್ನಡಕದ ಅಂಗಡಿಗೆ ರಜೆಯಾದರೂ ಅದು ಕೈಯಲ್ಲೇ ಇರುತ್ತದೆ, ಮರೀ ನೋಡು, ನೀನು ಆಸ್ಪತ್ರೆಯ ಅಷ್ಟೆಲ್ಲ ಎಕ್ಸ್‌ರೇಗಳನ್ನ ಕಂಪ್ಯೂಟರಲ್ಲಿ ಜೋಪಾನ ಮಾಡೋಳು, ಇದನ್ನೊಂದು ನೋಡು, ಮಿಷಿನ್ನಲ್ಲೇ ತಪ್ಪು ಅಂತಾದ್ರೆ ನನ್ನಷ್ಟು ಖುಷಿ ಪಡೋರು ಯಾರೂ ಇಲ್ಲ, ಇಲ್ಲಾಂದ್ರೆ ಗ್ರಂಥಾಲಯದವರಿಗೆ ಹೇಳ್ಬಿಡೋಣ, ಇನ್ನು ಸಾಕು ಅಂತ, ಅವರಾಗೇ ನಿಲ್ಲಿಸೋ ಮುಂಚೆ ನಾವೇ ನಿಲ್ಲಿಸೋದು ಮರ್ಯಾದೆ. ಗುರುವಾರಕ್ಕೆ ಡಾಕ್ಟರ ಸಮಯ ತಗೊಂಡಿದ್ದೀನಿ, ಅವಳಿಗೆ ಇನ್ನೂ ಹೇಳಿಲ್ಲ. ದೊಡ್ಡಪ್ಪಾ ನೀವು ಸುಮ್ನೆ ಹೆದರ್ಕೊಂಡಿದ್ದೀರ ಎಂದೆ. ಹೆದರ್ಕೊಳ್ಳದೆ ಇನ್ನೇನು ಮಾಡ್ಲಿ, ನಾನು ಕಣ್ಣಿಗೆ ನಂಬರ್ ಕೊಡೋನು, ನೆನಪಿಗೆ ಕೊಡೋಕೆ ಬರಲ್ಲ ಎಂದರು, ನಗಲಿಲ್ಲ. ನಾನು ಮೇಲೆ ಬಂದು ಎಲ್ಲ ಹುಡುಕಿದೆ, ಡಬ್ಬದ ಎರಡೂ ಡಿಸ್ಕು ಆರೋಗ್ಯವಾಗಿವೆ, ಒಂದರಿಂದ ಏಳು, ಮತ್ತೆ ಒಂಬತ್ತು, ಅಳಿಸಿಹೋದ ಗುರುತಿಲ್ಲ, ಎಂಟು ಹುಟ್ಟಿಯೇ ಇಲ್ಲವೆನ್ನುವ ಹಾಗೆ. ಯಂತ್ರ ಸರಿಯಿದೆ ಎನ್ನುವುದು ಇಷ್ಟು ಕೆಟ್ಟ ಸುದ್ದಿಯಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಕೆಳಗೆ ಹೋಗಿ ಹೇಳಲಾರದೆ ಇಲ್ಲೇ ಕೂತೆ, ಕೂತು ಸುಮ್ಮನೆ ಡಬ್ಬದ ಕಡೆ ನೋಡುತ್ತಿದ್ದಾಗ ಕಂಡದ್ದು ಆ ಗುಂಡಿ.

ದುಂಬಿ. ಹೌದು, ದುಂಬಿಯ ಮಾತು ಬಂದಿತ್ತು, ಏಳನೆಯ ಅಧ್ಯಾಯ ಕಳಿಸಿದ ಮೇಲೆ, ಸೆಕೆ ಶುರುವಾಗಿ ಡಬ್ಬದ ಫ್ಯಾನು ಜೋರಾಗಿ ತಿರುಗತೊಡಗಿದ ಹೊತ್ತು, ಕಿವಿಯವರೇ ಫೋನಿನಲ್ಲಿ ಹೇಳಿದ್ದು, ಅಕ್ಕಾ ನಿಮ್ಮ ಓದಿನ ಹಿಂದೆ ಒಂದು ದುಂಬಿ ಕೂತಿದೆ, ಜೇನಿನ ಪುಸ್ತಕ ಅಂತ ನೆಂಟರನ್ನೂ ಕರ್ಕೊಂಡು ಬಂದ್ರಾ. ದೊಡ್ಡಮ್ಮ ನಕ್ಕಳು, ಆದರೆ ಅವಳಿಗೆ ನಾಟಿತು, ಫೋನಿಟ್ಟ ಮೇಲೆ ಸೊಂಟಕ್ಕೆ ಕೈಯಿಟ್ಟುಕೊಂಡು ಕಿಟಕಿಯ ಕಡೆ ನಿಂತಿದ್ದಳು, ಇಷ್ಟು ವರ್ಷಕ್ಕೆ ನನ್ನ ಓದಲ್ಲಿ ಕಸ ಇದೆ ಅನ್ನಿಸಿಕೊಂಡಿರಲಿಲ್ಲ ಎಂದಳು. ಹಾಳೆ ತಿರುಗಿಸುವ ಸದ್ದನ್ನೂ ಕೇಳಿಸಗೊಡದವಳು. ಹೇಗೆ ತಿರುಗಿಸುತ್ತಾಳೆಂದರೆ, ಪುಟದ ಕೊನೆಯ ಸಾಲುಗಳನ್ನು ಓದುತ್ತಿರುವಾಗಲೇ ಎರಡು ಬೆರಳಲ್ಲಿ ಹಾಳೆಯ ಮೂಲೆ ಹಿಡಿದು ಮೆಲ್ಲಗೆ ಮೇಲೆತ್ತುತ್ತಾಳೆ, ಹಾಳೆ ನೆಟ್ಟಗೆ ಗಾಳಿಯಲ್ಲಿ ನಿಲ್ಲುತ್ತದೆ, ಈ ಕಡೆಯದೂ ಅಲ್ಲ ಆ ಕಡೆಯದೂ ಅಲ್ಲ, ವಾಕ್ಯ ಮುಗಿಯುವವರೆಗೆ ಹಾಗೆಯೇ ನಿಲ್ಲಿಸಿ ಹಿಡಿದಿರುತ್ತಾಳೆ, ಆಮೇಲೆ ಇಬ್ಬನಿ ಇಳಿದ ಹಾಗೆ ಇಳಿಸುತ್ತಾಳೆ, ಚಿಕ್ಕವಳಿದ್ದಾಗ ಬಾಗಿಲ ಸಂದಿಯಿಂದ ನೋಡಿದ್ದೇನೆ, ಆ ನಿಂತ ಹಾಳೆಯ ಹಿಂದೆ ಬಲ್ಬಿನ ಬೆಳಕು, ಹಾಳೆಯೊಳಗಿಂದ ಆ ಬದಿಯ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತಿದ್ದವು. ಅಂಥವಳಿಗೆ ದುಂಬಿ. ಮರುದಿನದಿಂದ ಓದುವ ಮುಂಚೆ ಡಬ್ಬ ಆರಿಸಿದ್ದಾಳೆ, ಅಷ್ಟೇ, ಸದ್ದು ಮಾಡುವವರನ್ನು ಹೊರಗೆ ಕಳಿಸುವ ಹಾಗೆ, ಸಂಜೆ ದೊಡ್ಡಪ್ಪ ಓದನ್ನು ಗ್ರಂಥಾಲಯಕ್ಕೆ ಕಳಿಸಲು ಬರುವ ಮುಂಚೆ ಮತ್ತೆ ಹಾಕಿಟ್ಟಿದ್ದಾಳೆ, ಇದರಲ್ಲಿ ಹೇಳುವಂಥದ್ದೇನಿದೆ ಎಂದುಕೊಂಡಿರಬೇಕು. ನಾನೂ ಈಗ ಹಾಗೆಯೇ ಮಾಡಿದ್ದೇನೆ, ಡಬ್ಬ ಆರಿದೆ, ಇನ್ನು ಗೋಡೆಯ ಸ್ವಿಚ್ಚು, ಸಾಬೂನಿನ ಹಸಿರು ದೀಪ ಮಿಣುಕಿತು, ಸಾಬೂನಿಗೆ ಮಾನಿಟರಿಲ್ಲವೆಂದು ನನ್ನದೊಂದನ್ನು ತಂದು ಸಿಕ್ಕಿಸಿದ್ದೇನೆ, ಕಪ್ಪಿನ ಮೇಲೆ ಬಿಳಿ ಸಾಲುಗಳು ಮೇಲೇರುತ್ತಿವೆ, ಏಳುತ್ತಿದೆ, ನಿದ್ದೆಗಣ್ಣಲ್ಲಿ ಎದ್ದವರು ಚಪ್ಪಲಿ ಹುಡುಕುವಂತೆ ಒಂದೊಂದನ್ನೇ ಹುಡುಕಿಕೊಳ್ಳುತ್ತಿದೆ.

ಆ ತಂತ್ರಜ್ಞ ಬರೆದಿಟ್ಟ ಸಾಲು ನನಗೆ ಗೊತ್ತು, ಬೆಳಿಗ್ಗೆ ಓದಿದೆ, ಸಾಬೂನು ಏಳುವಾಗಲೆಲ್ಲ ಅದನ್ನು ನೋಡಿಕೊಳ್ಳುತ್ತದೆ, ಡಬ್ಬದ ವಿಳಾಸ, ಅದನ್ನು ಮೌಂಟ್ ಮಾಡಬೇಕಾದ, ಎಂದರೆ ತಂದು ಜೋಡಿಸಬೇಕಾದ ಖಾಲಿ ಫೋಲ್ಡರಿನ ಹೆಸರು, ಕೊನೆಗೆ ನೋಫೇಲ್ ಎಂಬ ಒಂದು ಪದ, ಅದರ ಅರ್ಥ ಇಷ್ಟೇ, ಡಬ್ಬ ಸಿಕ್ಕರೆ ತಂದು ಈ ಫೋಲ್ಡರಿನ ಮೇಲೆ ಹರಡು, ಸಿಗದಿದ್ದರೆ ಗಲಾಟೆ ಮಾಡಬೇಡ, ಬಿಟ್ಟು ಮುಂದೆ ಹೋಗು. ಕೆಟ್ಟ ಸಾಲಲ್ಲ, ಎಲ್ಲರೂ ಹಾಗೆಯೇ ಬರೆಯುತ್ತಾರೆ, ಇಲ್ಲದಿದ್ದರೆ ಡಬ್ಬ ಕೆಟ್ಟ ದಿನ ಸಾಬೂನೂ ಏಳದೆ ಕೂತುಬಿಡುತ್ತದೆ. ಆದರೆ ಮುಂದೆ ಹೋದರೆ ಆ ಫೋಲ್ಡರು ಅಲ್ಲೇ ಇರುತ್ತದಲ್ಲ, ಬರೀ ಫೋಲ್ಡರಾಗಿ, ಸಾಬೂನಿನದೇ ಪುಟ್ಟ ಮೆಮೊರಿ ಕಾರ್ಡಿನ ಮೇಲೆ, ಕೆಂಪು ಗುಂಡಿ ಒತ್ತಿದರೆ ಓದು ಅದಕ್ಕೇ ಬಂದು ಬೀಳುತ್ತದೆ, ಯಾರಿಗೂ ವ್ಯತ್ಯಾಸ ತಿಳಿಯದು. ಆಮೇಲೆ ಸಂಜೆ ದೊಡ್ಡಪ್ಪ ಬರುತ್ತಾರೆ, ಡಬ್ಬ ಗುಂಯ್ ಅನ್ನುತ್ತಿರುತ್ತದೆ, ಸಾಬೂನನ್ನು ಹೊಸದಾಗಿ ಎಬ್ಬಿಸುತ್ತಾರೆ, ಈ ಸಲ ಡಬ್ಬ ಸಿಗುತ್ತದೆ, ಸಾಬೂನು ಅದನ್ನು ತಂದು ಅದೇ ಫೋಲ್ಡರಿನ ಮೇಲೆ ಹೊದಿಸುತ್ತದೆ, ಮಂಚದ ಮೇಲೆ ಏನೋ ಬಿದ್ದಿರುವಾಗಲೇ ಅದರ ಮೇಲೆ ಚಾದರ ಹಾಸಿದ ಹಾಗೆ, ಕಾಣುವುದು ಚಾದರ ಮಾತ್ರ. ಅಳಿಸಿರುವುದಿಲ್ಲ. ಅಡಿಯಲ್ಲಿ ಇದ್ದೇ ಇರುತ್ತದೆ. ಡಬ್ಬ ಬಂದಾಗಲೆಲ್ಲ ಮಾಯ, ಡಬ್ಬ ಹೋದಾಗ ಮಾತ್ರ ಪ್ರತ್ಯಕ್ಷ, ಮತ್ತು ಹುಡುಕುವವರೆಲ್ಲ ಡಬ್ಬ ಹಾಕಿಕೊಂಡೇ ಹುಡುಕುತ್ತಾರೆ, ನಾನೂ ಬೆಳಗಿನಿಂದ ಚಾದರದ ಮೇಲೆಯೇ ಕೈಯಾಡಿಸುತ್ತಾ ಕೂತಿದ್ದೆ — ಮಾನಿಟರಿನ ಮೇಲೆ ಒಂದು ಸಾಲು ಬಂತು, ಡಬ್ಬ ಸಿಗಲಿಲ್ಲವೆಂದು, ಅದರ ಕೆಳಗೆ ಇನ್ನೊಂದು ಸಾಲು ಬಂದು ಅದನ್ನು ಮೇಲಕ್ಕೆ ತಳ್ಳಿತು, ಎಷ್ಟು ಸೌಮ್ಯವಾಗಿ ಕೈಬಿಡುತ್ತದೆ, ಮುಗಿಯಿತು, ಎದ್ದಿದೆ. ಫೋಲ್ಡರು ತೆರೆಯಬೇಕು. ಖಾಲಿ ಇದ್ದರೆ ಗುರುವಾರ, ಗ್ರಂಥಾಲಯಕ್ಕೆ ಫೋನು, ಈ ರಜಾಯಿಗಳನ್ನು ಬಿಚ್ಚಿ ಮಡಚಿಡುವುದು. ತೆರೆದೆ. ಎರಡು ಫೈಲುಗಳಿವೆ.

ಎರಡು. ಒಂದಿರಬೇಕಿತ್ತು. ಸಂತೋಷ ಬಂತು, ಬಂದು ಬಾಗಿಲಲ್ಲೇ ನಿಂತಿತು. ಹೆಡ್‌ಫೋನ್ ಎಲ್ಲಿಟ್ಟೆ, ಬೇಡ, ಸ್ಪೀಕರಿನಲ್ಲೇ ಇರಲಿ, ಕೆಳಗೆ ಕೇಳಿಸುವಷ್ಟಿಲ್ಲ. ಮೊದಲನೆಯದು, ಅವಳ ಧ್ವನಿ, ಎಷ್ಟು ಶುಚಿಯಾಗಿದೆ, ಹಿಂದೆ ದುಂಬಿ ಗಿಂಬಿ ಏನೂ ಇಲ್ಲ, ಪುಸ್ತಕದ ಹೆಸರು ಹೇಳುತ್ತಾಳೆ, ಎಂಟನೆಯ ಅಧ್ಯಾಯ, ಮೊದಲ ಓದು. ಅದೊಂದು ಪದ್ಧತಿ ಅವರಲ್ಲಿ, ಹೊಸದಾಗಿ ಓದಿದರೆ ಮೊದಲ ಓದು ಎನ್ನಬೇಕು, ತಪ್ಪಾಗಿ ಮತ್ತೆ ಓದಿದರೆ ಎರಡನೆಯ ಓದು, ಯಾವುದನ್ನು ಇಟ್ಟುಕೊಳ್ಳಬೇಕೆಂದು ಕಿವಿಯವರಿಗೆ ತಿಳಿಯಲಿ ಎಂದು. ಎರಡನೆಯ ಓದು ಎಂದು ಅವಳು ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ. ಅವಳದೇ ಇನ್ನೊಂದು ನಿಯಮವುಂಟು, ಗ್ರಂಥಾಲಯದವರಿಗೆ ಅದು ಹಿಡಿಸುವುದಿಲ್ಲ, ಮುಂದಿನ ಅಧ್ಯಾಯವನ್ನು ಮುಂಚೆ ನೋಡಿಕೊಳ್ಳುವುದಿಲ್ಲ, ಮೈಕಿನ ಮುಂದೆಯೇ ಮೊದಲು ಓದುವುದು, ಅಡುಗೆ ರುಚಿ ನೋಡಿ ಬಡಿಸ್ಬೇಕು, ಪುಸ್ತಕ ರುಚಿ ನೋಡಿ ಬಡಿಸ್ಬಾರ್ದು, ಕೇಳೋರಿಗೆ ಆಶ್ಚರ್ಯ ಆಗೋ ಕಡೆ ನನಗೂ ಆಗ್ಬೇಕು ಕಣೆ. ಓದುತ್ತಿದ್ದಾಳೆ, ಆ ಮುದುಕ ಲೇಖಕ ಗೂಡಿನ ಮುಚ್ಚಳ ತೆಗೆಯುವುದು ಹೇಗೆಂದು ಗಂಭೀರವಾಗಿ ಹೇಳುತ್ತಿದ್ದಾನೆ, ಹೊಗೆ ಹಾಕಿ, ಅವಸರ ಬೇಡ, ಬಾಯಿ ಮುಚ್ಚಿಕೊಂಡಿರಿ, ನಾನೊಮ್ಮೆ ನನ್ನ ಹೆಂಡತಿಗೆ ಬಾಯಿ ಮುಚ್ಚಿಕೊಂಡಿರು ಎಂದು ಹೇಳಲು ಬಾಯಿ ತೆರೆದಾಗ ನಾಲಿಗೆಗೇ ಕಚ್ಚಿಸಿಕೊಂಡೆ — ಮತ್ತು ಅಲ್ಲಿ ದೊಡ್ಡಮ್ಮನ ಧ್ವನಿ ಒಡೆಯುತ್ತದೆ, ನಗುತ್ತಾಳೆ, ತಡೆದುಕೊಳ್ಳಲು ನೋಡಿ ಮೂಗಿನಿಂದ ನಗುತ್ತಾಳೆ, ಸಾವರಿಸಿಕೊಂಡು ಮುಂದೆ ಹೋಗುತ್ತಾಳೆ. ನಾನೂ ಇಲ್ಲಿ ಒಬ್ಬಳೇ ನಕ್ಕೆ. ಓದಿದ್ದಾಳೆ. ಓದಿದ್ದೀನಿ ಎಂದಳು, ಓದಿದ್ದಾಳೆ. ಮಾವನ ದಾರಿ ಅಲ್ಲ. ಕೆಳಗೆ ಓಡಿಹೋಗಿ ದೊಡ್ಡಪ್ಪನಿಗೆ ಹೇಳಬಹುದು, ಈಗಲೇ.

ಇನ್ನೊಂದಿದೆಯಲ್ಲ. ಅದನ್ನೂ ತೆರೆದೆ, ಮರುದಿನದ್ದು, ಪುಸ್ತಕದ ಹೆಸರು, ಎಂಟನೆಯ ಅಧ್ಯಾಯ — ಒಂದು ಕ್ಷಣ ಬಿಟ್ಟು — ಮೊದಲ ಓದು. ಮೊದಲ ಓದು ಎಂದಳು. ಇನ್ನೊಮ್ಮೆ ಹಿಂದೆ ಹೋಗಿ ಕೇಳಿದೆ, ಮೊದಲ ಓದು, ತೊದಲಿಲ್ಲ, ಅನುಮಾನವಿಲ್ಲ, ಹಿಂದಿನ ದಿನವೇ ಇರಲಿಲ್ಲವೆನ್ನುವ ಹಾಗೆ. ಓದುತ್ತಿದ್ದಾಳೆ, ಅದೇ ಮುಚ್ಚಳ, ಅದೇ ಹೊಗೆ, ಅದೇ ಎಚ್ಚರದ ದನಿ, ಮೊದಲ ಸಲ ಕಾಣುತ್ತಿರುವ ದಾರಿಯಲ್ಲಿ ನಡೆಯುವವರ ದನಿ. ನೆನಪಾಗುತ್ತಿದೆ, ಇವೆರಡರ ನಡುವಿನ ಸಂಜೆ, ದೊಡ್ಡಪ್ಪ ಮಹಡಿಯಿಂದ ಇಳಿದು ಬಂದು ಕೇಳಿದ್ದು, ಏನೇ ಇವತ್ತು ಏನೂ ಇಲ್ವಲ್ಲ, ಓದ್ಲಿಲ್ವಾ. ಓದಿದ್ನಲ್ಲ ರೀ, ಎಂಟು. ಡಬ್ಬದಲ್ಲಿಲ್ಲ ಕಣೆ, ಕನಸಲ್ಲಿ ಓದಿರ್ತೀಯ ಬಿಡು, ಅಲ್ಲಿಂದ ಇಲ್ಲಿಗೆ ಇನ್ನೂ ವೈರ್ ಎಳ್ದಿಲ್ಲ. ನಾವೆಲ್ಲ ನಕ್ಕೆವು, ಅವಳೂ ನಕ್ಕಳು, ನಕ್ಕು ಪಾತ್ರೆಗಳನ್ನು ಎತ್ತಿಕೊಂಡು ಹೋದಳು, ನಲ್ಲಿಯ ನೀರು ಬಹಳ ಹೊತ್ತು ಬೀಳುತ್ತಿತ್ತು, ಅದರ ಅಡಿಯಲ್ಲಿ ಪಾತ್ರೆಯ ಸದ್ದಿರಲಿಲ್ಲ, ಅದು ನನಗೆ ಕೇಳಿಸಿತ್ತು, ಕೇಳಿಸಿಯೂ ಕೂತೇ ಇದ್ದೆ. ನಲ್ಲಿಯ ಮುಂದೆ ನಿಂತು ಅವಳು ಏನನ್ನು ಒಪ್ಪಿಕೊಂಡಳೋ. ಅಣ್ಣನ ಮೈಮೇಲಿದ್ದ ಎರಡು ಅಂಗಿಗಳನ್ನೋ. ಡಬ್ಬ ಇಲ್ಲವೆಂದಿತು, ಗಂಡ ಇಲ್ಲವೆಂದರು, ಓದಿದ್ದೇನೆ ಎನ್ನುವುದಕ್ಕೆ ಅವಳ ತಲೆಯೊಳಗಿನ ನೆನಪೊಂದೇ ಸಾಕ್ಷಿ, ಅವಳು ಆ ಸಾಕ್ಷಿಯನ್ನೇ ಕೈಬಿಟ್ಟು ಮರುದಿನ ಬಂದು ಕೂತಿದ್ದಾಳೆ, ಮೊದಲ ಓದು ಎಂದಿದ್ದಾಳೆ. ಅಥವಾ ನಿಜವಾಗಿಯೂ ಮರೆತೇ ಬಿಟ್ಟಿದ್ದಳೇ, ಹೇಗೆ ತಿಳಿಯುವುದು, ಮರೆತವರೂ ನೆನಪಿನ ಮೇಲೆ ನಂಬಿಕೆ ಕಳೆದುಕೊಂಡವರೂ ಆಡುವ ಮಾತು ಒಂದೇ. ಬಾಯಿ ಮುಚ್ಚಿಕೊಂಡಿರಿ, ಓದುತ್ತಿದ್ದಾಳೆ, ನಾನೊಮ್ಮೆ ನನ್ನ ಹೆಂಡತಿಗೆ — ಮತ್ತು ನಕ್ಕಳು.

ಜೇನು ಇನ್ನೂ ಕಚ್ಚಿಲ್ಲ. ನಾಲಿಗೆ ಇನ್ನೂ ಬಂದಿಲ್ಲ, ವಾಕ್ಯ ಅರ್ಧದಲ್ಲಿದೆ, ಹೆಂಡತಿಗೆ ಏನು ಹೇಳಲು ಹೋದನೆಂಬುದೂ ಬಂದಿಲ್ಲ, ದೊಡ್ಡಮ್ಮ ಆಗಲೇ ನಕ್ಕುಬಿಟ್ಟಿದ್ದಾಳೆ, ಮೂಗಿನಿಂದ, ಅದೇ ನಗು, ಮುಂದೆ ಏನಿದೆಯೆಂದು ಗೊತ್ತಿದ್ದವರ ನಗು. ನಗು ನಿಂತಿತು, ಕತ್ತರಿಸಿದ ಹಾಗೆ. ಆಮೇಲೆ ಮೌನ. ಈ ಕೋಣೆಯದೇ ಮೌನ, ಸ್ಪೀಕರಿನ ಮೌನವೂ ಕೋಣೆಯ ಮೌನವೂ ಒಂದಕ್ಕೊಂದು ಸೇರಿಕೊಂಡು ನಾನು ಯಾವುದರೊಳಗಿದ್ದೇನೆಂದು ತಿಳಿಯದಾಯಿತು. ಅದರೊಳಗೆ ಒಂದು ಸದ್ದು, ಅವಳ ಇಷ್ಟು ವರ್ಷಗಳ ಓದಿನಲ್ಲಿ ಯಾರೂ ಕೇಳಿರದ ಸದ್ದು, ಹಾಳೆ, ಒಂದು ಹಾಳೆ ಸರಕ್ಕನೆ ಹಿಂದಕ್ಕೆ ತಿರುಗಿತು, ಇನ್ನೊಂದು ತಿರುಗಿತು, ಮತ್ತೊಂದು ಅರ್ಧ ಎದ್ದು ನಿಂತಿತು, ಅದು ಬಿದ್ದ ಸದ್ದಿಲ್ಲ, ಕಣ್ಣಿಗೆ ಕಾಣುತ್ತಿದೆ, ಎರಡು ಬೆರಳು, ನಿಂತ ಹಾಳೆ, ಅವಳ ಮುಖ ಮಾತ್ರ ಕಾಣುತ್ತಿಲ್ಲ. ಎಷ್ಟು ಹೊತ್ತು ಹಾಗಿತ್ತೋ, ಯಾವುದಾದರೂ ಉಸಿರು ಕೇಳಿಸಲಿ ಎಂದು ನಾನು ಮುಂದಕ್ಕೆ ಬಾಗಿದ್ದೆ. ಆಮೇಲೆ ಅವಳ ಧ್ವನಿ, ಮೈಕಿಗಲ್ಲ, ಕೇಳುಗರಿಗಲ್ಲ, ತನಗೆ ತಾನೇ ಹೇಳಿಕೊಂಡಷ್ಟು ಮೆಲ್ಲಗೆ — ಎರಡನೆಯ ಓದು. ಅಷ್ಟೇ ಹೇಳಿದಳು. ಗಂಟಲು ಸರಿಮಾಡಿಕೊಂಡು ಅಧ್ಯಾಯದ ಮೊದಲ ಸಾಲಿನಿಂದ ಶುರುಮಾಡಿದಳು, ಎಷ್ಟು ಚೆನ್ನಾಗಿ ಓದಿದಳೆಂದರೆ, ಅವಸರವಿಲ್ಲ, ಮುಚ್ಚಳ ತೆಗೆಯುವ ಕೈ ಮುದುಕನದಲ್ಲ ಅವಳದೇ ಎನ್ನುವ ಹಾಗೆ, ನಾಲಿಗೆಯ ಸಾಲು ಬಂದಾಗ ನಗಲಿಲ್ಲ, ನಮಗೆ ನಗಲು ಜಾಗ ಬಿಟ್ಟು ಮುಂದೆ ಹೋದಳು. ಆ ಸಂಜೆ ಕೆಳಗೆ ಬಂದು ಮಿಷಿನ್ ನುಂಗುತ್ತೆ ಕಣ್ರೀ ಎಂದಷ್ಟೇ ಹೇಳಿದ್ದಳು, ದೊಡ್ಡಪ್ಪ ಹೂಂ ಎಂದಿದ್ದರು. ಅದರ ಮರುದಿನ, ಮನಸ್ಸು ಎಲ್ಲೋ ಇತ್ತೇನೋ, ಡಬ್ಬ ಆರಿಸಲು ಮರೆತಿದ್ದಾಳೆ, ದುಂಬಿಯ ಸಮೇತ ಒಂಬತ್ತನೆಯ ಅಧ್ಯಾಯ ನೆಟ್ಟಗೆ ಹೋಗಿ ಡಬ್ಬ ಸೇರಿದೆ. ನೆನಪಿಟ್ಟುಕೊಂಡು ಮಾಡಿದ ದಿನಗಳ ಓದು ಮುಚ್ಚಿಹೋಯಿತು, ಮರೆತ ದಿನದ್ದು ಉಳಿಯಿತು, ಇದನ್ನು ಯಾವ ಡಾಕ್ಟರಿಗೆ ಹೇಗೆ ಹೇಳುವುದು.

ಬಾಗಿಲು ತೆರೆದದ್ದು ಗೊತ್ತಾಗಲಿಲ್ಲ, ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೈ ಒದ್ದೆ, ಸೆರಗಿಗೆ ಒರೆಸಿಕೊಳ್ಳುವುದನ್ನು ಮರೆತಿದ್ದಾಳೆ — ಮರೆತಿದ್ದಾಳೆ ಎಂದುಕೊಂಡ ನನ್ನ ಮನಸ್ಸನ್ನು ಒದೆಯಬೇಕು, ಇನ್ನು ಅವಳು ಉಪ್ಪು ಹಾಕದಿದ್ದರೂ ಕನ್ನಡಕ ಹುಡುಕಿದರೂ ಹೀಗೇ ಎಣಿಸುತ್ತಾ ಕೂರುತ್ತೇನೆಯೇ. ಸಿಕ್ತಾ ಎಂದು ಕೇಳಲಿಲ್ಲ ಅವಳು. ಎಷ್ಟು ಸಿಕ್ತು ಎಂದಳು. ಎರಡೂ ದೊಡ್ಡಮ್ಮ. ಎರಡೂ, ಎಂದಳು ಅವಳು, ಬಂದು ಮಂಚದ ಅಂಚಿನಲ್ಲಿ ಕೂತಳು, ಎಲ್ಲಿತ್ತು. ನೀನು ಡಬ್ಬ ಆರಿಸ್ತಿದ್ದೆ ಅಲ್ವಾ, ಡಬ್ಬ ಇಲ್ದಾಗ ಓದಿದ್ದು ಸಾಬೂನಲ್ಲೇ ಉಳ್ಕೊಂಡಿತ್ತು, ಆಮೇಲೆ ಡಬ್ಬ ಬಂದು ಅದರ ಮೇಲೆ ಕೂತ್ಬಿಡ್ತಿತ್ತು, ಕಾಣ್ತಿರ್ಲಿಲ್ಲ ಅಷ್ಟೆ, ಅಲ್ಲೇ ಇತ್ತು. ಅಲ್ಲೇ ಇತ್ತು, ಎಂದಳು. ದುಂಬಿ ಓಡ್ಸೋಕೆ ಹೋಗಿ ಗೂಡಿಗೇ ಬೆಂಕಿ ಇಟ್ಟೆ ಅನ್ನು. ಬೆಂಕಿ ಏನಿಲ್ಲ, ಹೊಗೆ ಅಷ್ಟೆ ಎಂದೆ. ನಕ್ಕಳು, ನಿಲ್ಲಿಸಿದಳು, ಎರಡನೇದನ್ನ ಪೂರ್ತಿ ಕೇಳಿದ್ಯಾ. ಕೇಳ್ದೆ. ಸೆರಗಿಗೆ ಕೈ ಒರೆಸಿಕೊಂಡಳು, ಒಂದೊಂದೇ ಬೆರಳು. ನಗು ಬಂದ್ಮೇಲೇ ಗೊತ್ತಾಗಿದ್ದು ಕಣೆ, ತಲೆ ಇಲ್ಲ ಅಂತು, ಹೊಟ್ಟೆ ಹೌದು ಅಂತು, ಅವತ್ತಿಂದ ಯಾರನ್ನ ನಂಬೋದು ಅಂತ ನೋಡ್ತಾ ಇದ್ದೀನಿ. ನನಗೆ ತಿಳಿದದ್ದನ್ನು ಹೇಳಿದೆ, ಡಬ್ಬ ತಪ್ಪು ಹೇಳ್ತು ದೊಡ್ಡಮ್ಮ, ನೀನು ಸರಿ ಇದ್ದೆ. ಮೊದಲ್ನೇ ದಿನ ಸರಿ ಇದ್ದೆ, ಎಂದಳು, ಎರಡನೇ ದಿನ ಸರಿ ಇದ್ನೋ ಇಲ್ವೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಮೆಟ್ಟಿಲ ಮೇಲೆ ದೊಡ್ಡಪ್ಪ. ಬಾಗಿಲಾಚೆ ನಿಂತಿದ್ದರು, ಬಟ್ಟೆಯಿಂದ ಕನ್ನಡಕ ಒರೆಸುತ್ತಿದ್ದರು, ಒರೆಸಿದ್ದನ್ನೇ ಒರೆಸುತ್ತಿದ್ದರು. ಬನ್ನಿ ಒಳಗೆ, ಎಂದಳು ಅವಳು, ಗುರುವಾರ ಎಷ್ಟು ಹೊತ್ತಿಗೆ. ಅವರ ಕೈ ನಿಂತಿತು. ಯಾರು ಹೇಳಿದ್ರು ನಿನಗೆ. ಯಾರೂ ಹೇಳ್ಲಿಲ್ಲ ರೀ, ಫೋನಲ್ಲಿ ಮೆತ್ತಗೆ ಮಾತಾಡ್ತಿದ್ರಲ್ಲ, ನೀವು ಮೆತ್ತಗೆ ಮಾತಾಡಿದ್ರೆ ಇಡೀ ಬೀದಿಗೆ ಕೇಳುತ್ತೆ. ಹೋಗೋಣ, ಇವಳೂ ಬರ್ಲಿ, ನಿಮ್ಮ ಜೋಕು ಕೇಳ್ಕೊಂಡು ಒಬ್ಬಳೇ ಕಾಯೋಕಾಗಲ್ಲ. ಆದ್ರೆ ಏನೇ ಅನ್ಲಿ ಅವರು, ಪುಸ್ತಕ ಮುಗಿಸೋಳು ನಾನೇ. ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದರು, ಅವರ ಮುಖದಲ್ಲಿ ಒಂದು ಜೋಕು ಬಂದದ್ದೂ ಕಂಡಿತು, ಹೋದದ್ದೂ ಕಂಡಿತು. ನೀನೇ ಮುಗಿಸು, ಎಂದರು. ಕನಸಿನ ಮಾತು ನಾನು ಆಡ್ಬಾರ್ದಿತ್ತು. ಆಡಿದ್ದು ಚೆನ್ನಾಗೇ ಇತ್ತು ಬಿಡಿ, ಎಂದಳು ದೊಡ್ಡಮ್ಮ. ಆಮೇಲೆ ನನ್ನ ಕಡೆ ತಿರುಗಿ, ಎರಡನೇದನ್ನೇ ಕಳಿಸು ಅವರಿಗೆ, ಕತ್ತರಿಸ್ಬೇಡ, ಮೊದಲಿಂದ ಹಾಗೇ ಕಳಿಸು, ಕಿವಿ ಅವರದು, ಅವರೇ ನಿರ್ಧಾರ ಮಾಡ್ಲಿ.

ಈಗ ಕೆಲಸ, ಕೆಲಸ ಒಳ್ಳೆಯದು, ಕೆಲಸದಲ್ಲಿ ಸರಿ ತಪ್ಪು ತಿಳಿಯುತ್ತದೆ. ಎರಡೂ ಓದುಗಳನ್ನು ಬೇರೆ ಕಡೆ ತೆಗೆದಿಟ್ಟೆ. ಆ ಖಾಲಿ ಫೋಲ್ಡರಿಗೆ ಬೀಗ ಹಾಕಿದೆ, ಡಬ್ಬ ಬಂದು ಹೊದ್ದುಕೊಳ್ಳದ ಹೊರತು ಅದರೊಳಗೆ ಒಂದಕ್ಷರವೂ ಬೀಳದ ಹಾಗೆ, ಇನ್ನು ಡಬ್ಬ ಇಲ್ಲದಾಗ ಕೆಂಪು ಗುಂಡಿ ಒತ್ತಿದರೆ ಸಾಬೂನು ಕೂಗಿ ಹೇಳುತ್ತದೆ, ಸುಮ್ಮನೆ ನುಂಗಿಕೊಳ್ಳುವುದಿಲ್ಲ. ತಂತ್ರಜ್ಞನ ಸಾಲನ್ನೂ ತಿದ್ದಿದೆ, ನೆಟ್‌ವರ್ಕ್ ಏಳುವವರೆಗೆ ಕಾಯು, ಆಗ ಸಿಗದಿದ್ದರೆ ಮುಂದೆ ಹೋಗು, ಆದರೆ ಯಾರಾದರೂ ಫೋಲ್ಡರನ್ನು ಮುಟ್ಟಿದಾಗಲೆಲ್ಲ ಇನ್ನೊಮ್ಮೆ ಹುಡುಕು. ಇನ್ನೊಮ್ಮೆ ಹುಡುಕು ಎಂದು ಮನುಷ್ಯರಿಗೂ ಒಂದು ಸಾಲು ಬರೆದಿಡಲು ಬಂದಿದ್ದರೆ. ದೊಡ್ಡಪ್ಪ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲ ತಿರುವಿಗೆ ಹೋದರು, ಉದ್ದ ತಂತಿ ಎಳೆದುಕೊಂಡು, ಇಲ್ಲಿ ಕೂತ್ಕೊಂಡು ಎಷ್ಟು ಬೇಕಾದ್ರೂ ಗುಂಯ್ ಅನ್ನು ಮಾರಾಯ ಎಂದು ಅದರ ಗುಂಡಿ ಒತ್ತುತ್ತಾ ಹೇಳುತ್ತಿದ್ದದ್ದು ಕೇಳಿಸಿತು, ಬಾಗಿಲು ಮುಚ್ಚಿದಾಗ ಅದರ ಸದ್ದು ಆಚೆಯೇ ಉಳಿಯಿತು. ಗೋಡೆಯ ಸ್ವಿಚ್ಚು, ಹಸಿರು ದೀಪ, ಸಾಲುಗಳು, ಈ ಸಲ ಒಂದೆಡೆ ನಿಂತಿತು, ಕಾಯಿತು, ಸಿಕ್ಕಿತು, ಹರಡಿತು. ಆಯ್ತಾ, ಎಂದಳು ದೊಡ್ಡಮ್ಮ, ತಾನಾಗೇ. ಆಯ್ತು ದೊಡ್ಡಮ್ಮ, ತಾನಾಗೇ. ನನ್ನನ್ನು ಏಳಿಸಿ ಕುರ್ಚಿಯಲ್ಲಿ ಕೂತಳು, ಇರು, ಹೋಗ್ಬೇಡ, ಉಸಿರು ಮಾತ್ರ ಜೋರಾಗಿ ಬಿಡ್ಬೇಡ, ಎಂದಳು, ಕೆಂಪು ಗುಂಡಿ ಒತ್ತಿದಳು. ಪುಸ್ತಕದ ಹೆಸರು, ಹತ್ತನೆಯ ಅಧ್ಯಾಯ. ನಿಲ್ಲಿಸಿದಳು. ಮೊದಲ ಓದು ಎನ್ನುವ ಮುಂಚೆ ಒಮ್ಮೆ ನನ್ನ ಕಡೆ ನೋಡಿದಳು, ಕೇಳಿದ ಹಾಗೆ, ಹೌದು ತಾನೇ ಎಂದು ಕೇಳಿದ ಹಾಗೆ, ನಾನು ತಲೆಯಾಡಿಸಿದೆ, ನನಗೇನು ಗೊತ್ತಿದೆಯೆಂದು ಆಡಿಸಿದೆನೋ, ಮೊದಲ ಓದು ಎಂದಳು. ಓದುತ್ತಿದ್ದಾಳೆ. ಸೆಕೆಯಿದೆ, ಸದ್ದಿಲ್ಲ, ಪರದೆಯ ಅಂಚಿನ ಬಿಸಿಲು ಮೇಜಿನ ತನಕ ಬಂದಿದೆ, ಅವಳ ಧ್ವನಿ ನಡೆಯುತ್ತಿದೆ, ಕೊನೆಯ ಸಾಲುಗಳಿಗೆ ಬಂದಿದ್ದಾಳೆ, ಎರಡು ಬೆರಳು ಮೂಲೆಗೆ ಹೋದವು, ಹಾಳೆ ಎದ್ದಿತು, ಬೆಳಕು ಅದರೊಳಗೆ ಬಂತು, ಆ ಬದಿಯ ಅಕ್ಷರಗಳು ತಿರುಗುಮುರುಗಾಗಿ, ವಾಕ್ಯ ಇನ್ನೂ ಮುಗಿದಿಲ್ಲ, ಗುರುವಾರ ಇನ್ನೂ ಬಂದಿಲ್ಲ, ಹಾಳೆ ಗಾಳಿಯಲ್ಲಿ, ಈ ಕಡೆಯದೂ ಅಲ್ಲ, ಆ ಕಡೆಯದೂ ಅಲ್ಲ, ಹಾಳೆ, ನೆಟ್ಟಗೆ ನಿಂತ ಹಾಳೆ